ಬಾಯಿಗೆ ಹತ್ತಿ

ಹಲ್ಲಿನ ಡಾಕ್ಟರ ಸಿಟ್ಟನ್ನು ಕ್ಲಿನಿಕ್ಕಿನಲ್ಲಿ ಕಂಡವರಿಲ್ಲ. ಕುರ್ಚಿಯ ತೋಳು ಹಿಡಿದು ನಡುಗುವವರು, ಬಾಯಿ ತೆರೆಯಿರಿ ಅಂದಷ್ಟೂ ಬಿಗಿಯಾಗಿ ಮುಚ್ಚುವವರು, ಡ್ರಿಲ್ಲಿನ ಸದ್ದಿಗೇ ಅರ್ಧ ಎದ್ದು ಕೂರುವವರು, ಡಾಕ್ಟರ ಬೆರಳು ಕಚ್ಚಿ ಆಮೇಲೆ ತಾವೇ ಅಳುವವರು, ಯಾರೇ ಬರಲಿ, ಅವರು ಎಡಗೈ ಎತ್ತಿ, ಅಂಗೈ ಕೆಳಗೆ ಮಾಡಿ, ಗಾಳಿಯನ್ನು ಮಲಗಿಸುವವರ ಹಾಗೆ ಮೆಲ್ಲಗೆ ಎರಡು ಸಲ ತಟ್ಟುತ್ತಿದ್ದರು. ಅಷ್ಟಕ್ಕೇ ಕುರ್ಚಿಯಲ್ಲಿದ್ದವರ ಭುಜ ಇಳಿಯುತ್ತಿತ್ತು. ಊರಿನ ಅರ್ಧ ದವಡೆಗಳು ಆ ಕೈಯನ್ನು ನಂಬಿದ್ದವು.

ಅದೇ ಕೈ ಭಾನುವಾರ ಬೆಳಗ್ಗೆ ಗಾಲ್ಫ್ ಮೈದಾನದಲ್ಲಿ ಕೋಲು ಎಸೆಯುತ್ತಿತ್ತು.

ಚೆಂಡು ಹೊಡೆಯುವ ಕೋಲಿಗೂ ಕ್ಲಬ್ ಅಂತಲೇ ಹೆಸರು. ಆದರೆ ಅದು ಒಂಬತ್ತೇ ಕುಳಿಗಳ ಸಣ್ಣ ಕ್ಲಬ್ಬು, ಅಲ್ಲಿ ಎಲ್ಲರೂ ಸುಮ್ಮನೆ ಕೋಲು ಅನ್ನುತ್ತಿದ್ದರು. ಆ ಕ್ಲಬ್ಬಿಗೆ ತನ್ನದೇ ಒಂದು ಕಟ್ಟಳೆ ಇತ್ತು. ಹಿಂದೊಮ್ಮೆ ಯಾರದೋ ಸಿಟ್ಟಿಗೆ ಹಾರಿದ ಕೋಲು ಕ್ಯಾಂಟೀನಿನ ಕಿಟಕಿ ಒಡೆದು ಒಳಗೆ ಬಂದು ಸಕ್ಕರೆ ಡಬ್ಬಿ ಉರುಳಿಸಿತ್ತು. ಕ್ಯಾಂಟೀನ್ ನಡೆಸುತ್ತಿದ್ದಾಕೆಯನ್ನು ಎಲ್ಲರೂ ಕ್ಯಾಂಟೀನಮ್ಮ ಅನ್ನುತ್ತಿದ್ದರು. ಆಕೆ ಕೋಲನ್ನು ವಾಪಸು ಕೊಡಲಿಲ್ಲ. ಒಲೆಯ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಳು. ಬೇಕಿದ್ದವರು ಎಲ್ಲರೂ ಕೂತಿರುವಾಗ ಎದ್ದು ನಿಂತು, ಅದು ಯಾಕೆ ಹಾರಿತು, ಹೇಗೆ ಹಾರಿತು ಅಂತ ಹೇಳಿ ತೆಗೆದುಕೊಂಡು ಹೋಗಬೇಕು ಅಂದಳು. ಅಂದಿನಿಂದ ಅದೇ ಕಾನೂನಾಯಿತು. ಎಲ್ಲಿ ಹಾರಿದ ಕೋಲೂ ಕೊನೆಗೆ ಆ ಗೋಡೆಗೇ ಬರುತ್ತಿತ್ತು. ಜನ ಎದ್ದು ಹೇಳಿ, ನಾಲ್ಕು ಜನರನ್ನು ನಗಿಸಿ, ತಮ್ಮದನ್ನು ಬಿಡಿಸಿಕೊಂಡು ಹೋಗುತ್ತಿದ್ದರು.

ಡಾಕ್ಟರು ಮಾತ್ರ ಇವತ್ತಿನವರೆಗೆ ಒಂದನ್ನೂ ಬಿಡಿಸಿಕೊಂಡಿರಲಿಲ್ಲ. ಪ್ರತಿ ಸಲವೂ ಅಂಗಡಿಗೆ ಹೋಗಿ ಹೊಸದು ತರುತ್ತಿದ್ದರು. ಹೀಗಾಗಿ ಗೋಡೆಯ ಮೇಲೆ ಈಗ ಇದ್ದ ನಾಲ್ಕೂ ಅವರವೇ. ಹೊಸದಾಗಿ ಕ್ಲಬ್ಬಿಗೆ ಸೇರಿದವರು ಅವನ್ನು ಅಲಂಕಾರ ಅಂದುಕೊಳ್ಳುತ್ತಿದ್ದರು. ಡಾಕ್ಟರು ಕ್ಯಾಂಟೀನಿನಲ್ಲಿ ಯಾವಾಗಲೂ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

ತಾವು ಕೆಟ್ಟದಾಗಿ ಹೊಡೆದರೆ ಅವರು ಕೋಲು ಎಸೆಯುವರು. ಜೊತೆಗಾರ ಕೆಟ್ಟದಾಗಿ ಹೊಡೆದರೆ ಎಸೆಯುವುದಿಲ್ಲ, ಬೈಯುವುದಿಲ್ಲ. ಆಕಾಶ ನೋಡಿ, ಮೂಗಿನಿಂದ ಒಂದು ಉದ್ದನೆಯ ಉಸಿರು ಬಿಟ್ಟು, "ಪರವಾಗಿಲ್ಲ" ಅನ್ನುವರು. ಅದನ್ನು ಕೇಳಿದವನಿಗೆ ಕೋಲಿನಲ್ಲಿ ಹೊಡೆಸಿಕೊಂಡಿದ್ದರೇ ವಾಸಿಯಿತ್ತು ಅನ್ನಿಸುತ್ತಿತ್ತು. ಮೊದಲು ಔಷಧಿ ಅಂಗಡಿಯವನಿಗೆ ಮಂಡಿ ನೋವು ಶುರುವಾಯಿತು. ಬೇರೆಯವರ ಜೊತೆ ಆಡುವಾಗ ಆ ಮಂಡಿ ಚೆನ್ನಾಗಿಯೇ ಇರುತ್ತಿತ್ತು. ಆಮೇಲೆ ವಕೀಲರಿಗೆ ಭಾನುವಾರವೂ ಕೆಲಸ ಬಂತು. ಬ್ಯಾಂಕಿನವರು ಯಾವ ನೆಪವನ್ನೂ ಹೇಳದೆ, ಡಾಕ್ಟರ ಕಾರು ಕಂಡರೆ ಶೌಚಾಲಯಕ್ಕೆ ಹೋಗಿ ಕೂರತೊಡಗಿದರು. ಒಬ್ಬೊಬ್ಬರಾಗಿ ಎಲ್ಲರೂ ಉದುರಿ, ಕೊನೆಗೆ ಉಳಿದವಳು ಹೆಂಡತಿ ಒಬ್ಬಳೇ.

ಆಕೆ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಮೀಸೆ ಚಿಗುರುತ್ತಿರುವ ನಲವತ್ತು ಹುಡುಗರನ್ನು ದನಿ ಏರಿಸದೆ ಕೂರಿಸುವವಳು. ಇಷ್ಟು ವರ್ಷದ ಕೆಲಸದಲ್ಲಿ ಒಬ್ಬರ ಮೇಲೂ ಸೀಮೆಸುಣ್ಣದ ತುಂಡು ಎಸೆದವಳಲ್ಲ. ಆದರೂ ಶನಿವಾರ ಸಂಜೆ ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದವಳು, ಕೆಂಪು ಪೆನ್ನಿನ ಮುಚ್ಚಳ ಹಾಕಿ, ಗಂಡನ ಕಡೆ ತಿರುಗಿದಳು.

"ನಾಳೆ ಜೋಡಿ ಪಂದ್ಯ. ಒಂದು ಕೋಲು ಕೈಬಿಟ್ಟು ಹೋದ್ರೂ ಸರಿ, ಒಂದು 'ಪರವಾಗಿಲ್ಲ' ಬಂದ್ರೂ ಸರಿ, ಮುಂದಿನ ವಾರದಿಂದ ನಾನು ತಂಗಿ ಜೊತೆ ಆಡ್ತೀನಿ. ಅವಳೂ ಅವಳ ಗಂಡನೂ ಯಾವಾಗಿಂದ ಕರೀತಿದ್ದಾರೆ."

"ನಾನು?"

"ನೀವು ಒಬ್ರೇ ಆಡಿ. ಆಗ ಕೋಲು ಎಸೆದ್ರೆ ಕೇಳೋರೂ ಇರಲ್ಲ."

ಡಾಕ್ಟರಿಗೆ ಅದೇ ಭಯ. ಆಕೆಗೆ ಜ್ವರ ಬಂದಿದ್ದಾಗ ಒಮ್ಮೆ ಅವರು ಒಬ್ಬರೇ ಹೋಗಿ ಆಡಿದ್ದರು. ಚೆಂಡು ಚೆನ್ನಾಗಿ ಹೋದಾಗ ತಿರುಗಿ ನೋಡಿದರೆ ಯಾರೂ ಇಲ್ಲ, ಪೊದೆಗೆ ಹೋದಾಗ ಹುಡುಕಲು ಯಾರೂ ಇಲ್ಲ. ನಾಲ್ಕನೇ ಕುಳಿಗೇ ಮನೆಗೆ ಬಂದು, ಆಕೆಯ ಹಾಸಿಗೆಯ ಪಕ್ಕ ಕೂತು, ಇಡೀ ಆಟವನ್ನು ಒಂದೊಂದು ಹೊಡೆತ ಬಿಡದೆ ಹೇಳಿದ್ದರು. ಆಕೆ ಥರ್ಮಾಮೀಟರು ಬಾಯಲ್ಲಿಟ್ಟುಕೊಂಡು ಕೇಳಿದ್ದಳು. ವಾರದ ಆರು ದಿನ ಅವರು ಬೇರೆಯವರ ಬಾಯಲ್ಲಿ, ಆಕೆ ಬೇರೆಯವರ ಲೆಕ್ಕದಲ್ಲಿ. ಇಬ್ಬರೂ ಒಂದೇ ಕಡೆ ನಿಂತು ಒಂದೇ ಚೆಂಡನ್ನು ನೋಡುವುದು ಭಾನುವಾರ ಮಾತ್ರ. ಅದೂ ಷಡ್ಡಕನ ಪಾಲಾದರೆ?

ಷಡ್ಡಕ ಅಂದರೆ ನಾದಿನಿಯ ಗಂಡ, ಟೈಲ್ಸ್ ಅಂಗಡಿ ಇಟ್ಟವನು. ಕೋಲು ಹಿಡಿದು ವರ್ಷವೂ ಆಗಿರಲಿಲ್ಲ. ಚೆಂಡು ಕೊಳಕ್ಕೆ ಬಿದ್ದರೆ ಅದಕ್ಕೆ ಕೈಬೀಸಿ ಬೀಳ್ಕೊಟ್ಟು, ಜೇಬಿನಿಂದ ಬಿಸ್ಕತ್ತು ತೆಗೆದು ತಿನ್ನುವ ಆಸಾಮಿ. ಡಾಕ್ಟರ ಪ್ರಕಾರ ಅದು ಆಟವೇ ಅಲ್ಲ. ಸೋತವನಿಗೆ ಹೊಟ್ಟೆ ಉರಿಯದಿದ್ದರೆ ಗೆದ್ದವನಿಗೆ ಏನು ಸಿಕ್ಕ ಹಾಗಾಯಿತು?

ರಾತ್ರಿಯೆಲ್ಲ ಯೋಚಿಸಿ, ಬೆಳಗ್ಗೆ ಮೈದಾನಕ್ಕೆ ಹೋಗುವ ದಾರಿಯಲ್ಲಿ ಡಾಕ್ಟರು ಕಾರನ್ನು ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದರು. ಒಳಗೆ ಹೋಗಿ, ಹಲ್ಲು ತುಂಬುವಾಗ ಕೆನ್ನೆಗೂ ವಸಡಿಗೂ ನಡುವೆ ಇಡುವ ಹತ್ತಿಯ ಸುರುಳಿಗಳನ್ನು ಜೇಬಿಗೆ ಹಾಕಿಕೊಂಡು ಬಂದರು. ಈ ಹತ್ತಿ ಬಾಯಲ್ಲಿದ್ದಾಗ ಮಾತಾಡಿದ ಪೇಷಂಟನ್ನು ಅವರು ಈವರೆಗೆ ಕಂಡಿರಲಿಲ್ಲ. ಮೈದಾನ ತಲುಪಿ, ಕಾರಿನ ಕನ್ನಡಿ ನೋಡಿಕೊಂಡು, ಎಡಗಡೆ ಒಂದು, ಬಲಗಡೆ ಒಂದು ತುರುಕಿದರು.

ಹೆಂಡತಿ ನೋಡಿದಳು. ಬಾಗಿಲು ತೆರೆದು ಇಳಿದಳು, ಅಷ್ಟೆ.

ಅವರ ಎದುರಾಳಿಗಳು ಷಡ್ಡಕ ಮತ್ತು ನಾದಿನಿಯೇ. ನಾದಿನಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದವಳು, ಯಾರ ಮುಖ ಊದಿದ್ದರೂ ಅವಳಿಗೆ ಕುತೂಹಲ.

"ಭಾವ, ಇದೇನು ಕೆನ್ನೆ? ಹಲ್ಲಿನ ಡಾಕ್ಟರಿಗೇ ಹಲ್ಲುನೋವಾ? ಬಾಯಿ ತೆಗೀರಿ, ನೋಡ್ತೀನಿ."

ಡಾಕ್ಟರು ತಲೆ ಅಲ್ಲಾಡಿಸಿದರು. ಹೆಂಡತಿ ತಂಗಿಯನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದಳು. ತಂಗಿ ಹೋಗಿ ತನ್ನ ಗಂಡನಿಗೆ ಹೇಳಿದಳು. ಷಡ್ಡಕ ನಗು ತಡೆಯಲು ಬಿಸ್ಕತ್ತು ಬಾಯಿಗೆ ಹಾಕಿಕೊಂಡು, ಅದು ಗಂಟಲಿಗೆ ಸಿಕ್ಕಿ, ಎಲ್ಲರೂ ಅವನ ಬೆನ್ನು ತಟ್ಟಬೇಕಾಯಿತು. ಪಂದ್ಯ ಹೀಗೆ ಶುರುವಾಯಿತು.

ಜೋಡಿ ಪಂದ್ಯದಲ್ಲಿ ಒಂದು ಜೋಡಿಗೆ ಒಂದೇ ಚೆಂಡು. ಒಂದು ಹೊಡೆತ ಗಂಡನದಾದರೆ ಮುಂದಿನದು ಹೆಂಡತಿಯದು, ಚೆಂಡು ಕುಳಿಗೆ ಬೀಳುವವರೆಗೆ ಹೀಗೆಯೇ ಸರದಿ. ಕಡಿಮೆ ಹೊಡೆತದಲ್ಲಿ ಮುಗಿಸಿದವರಿಗೆ ಆ ಕುಳಿ, ಹೆಚ್ಚು ಕುಳಿ ಗೆದ್ದವರಿಗೆ ಪಂದ್ಯ. ಕಾಗದದ ಮೇಲೆ ಚೆಂದದ ಆಟ. ಮೈದಾನದಲ್ಲಿ ಮಾತ್ರ, ನೀನು ಮಾಡಿದ ಎಡವಟ್ಟಿನ ಎದುರು ನಿನ್ನ ಹೆಂಡತಿ ಹೋಗಿ ನಿಲ್ಲಬೇಕು, ಅವಳ ಎಡವಟ್ಟಿನ ಎದುರು ನೀನು. ಸಂಸಾರದಲ್ಲಿ ಇದನ್ನು ಮನೆಯೊಳಗೆ ಮುಚ್ಚಿಟ್ಟುಕೊಳ್ಳಬಹುದು. ಇಲ್ಲಿ ಎಲ್ಲರೂ ನೋಡುತ್ತಿರುತ್ತಾರೆ.

ಡಾಕ್ಟರು ಅಂದು ಕೆಟ್ಟದಾಗಿ ಆಡಿದರು. ಬಹಳ ಕೆಟ್ಟದಾಗಿ. ಮೊದಲ ಹೊಡೆತಕ್ಕೆ ಚೆಂಡು ನೆಲ ಬಿಡಲೇ ಇಲ್ಲ, ಮೊಲದ ಹಾಗೆ ಹುಲ್ಲಿನೊಳಗೆ ಓಡಿತು. ಎರಡನೇ ಕುಳಿಯಲ್ಲಿ ಮರಕ್ಕೆ ಬಡಿದು ಹೊರಟ ಜಾಗಕ್ಕಿಂತ ಹಿಂದೆ ಬಂದು ಬಿತ್ತು. ಕಿವಿ ಬಿಸಿಯಾಯಿತು, ಕೈ ಮೇಲಕ್ಕೆ ಹೋಯಿತು, ಹಲ್ಲು ಹತ್ತಿಯನ್ನು ಕಚ್ಚಿತು. ಹತ್ತಿಯ ಸಪ್ಪೆ ರುಚಿ ನಾಲಿಗೆಗೆ ಬಂದೊಡನೆ, ಏನಾಶ್ಚರ್ಯ, ಕೈ ತಾನಾಗಿ ಇಳಿಯಿತು. ಎಷ್ಟಾದರೂ ಅದು ಕ್ಲಿನಿಕ್ಕಿನ ರುಚಿ.

ಮೂರನೇ ಕುಳಿಯಲ್ಲಿ ಹೆಂಡತಿ ಚೆಂಡನ್ನು ಬೇಲಿಯಾಚೆಗೆ ಕಳಿಸಿದಳು. ಆಕೆ ಮೈ ಬಿಗಿ ಮಾಡಿ ನಿಂತಳು, ಹಿಂದಿನಿಂದ ಆ ಉಸಿರು, ಆ ಮಾತು ಬರುತ್ತದೆ ಅಂತ. ಬರಲಿಲ್ಲ. ತಿರುಗಿದರೆ ಡಾಕ್ಟರು ಉಬ್ಬಿದ ಕೆನ್ನೆಯಲ್ಲಿ ನಗುತ್ತಾ, ಎಡಗೈ ಎತ್ತಿ, ಗಾಳಿಯನ್ನು ಮೆಲ್ಲಗೆ ಎರಡು ಸಲ ತಟ್ಟಿದರು. ಆಕೆಯೂ ನಕ್ಕಳು. ಐದನೇ ಕುಳಿಯಲ್ಲಿ ಮತ್ತೆ ಆಕೆಯ ಹೊಡೆತ ತಪ್ಪಿತು, ಮತ್ತೆ ಆ ಕೈ. ಈ ಸಲ ಆಕೆ ಅರ್ಧ ನಕ್ಕಳು. ಆರನೆಯದರಲ್ಲಿ ಆಕೆಯ ಹೊಡೆತ ಅಷ್ಟೇನೂ ಕೆಟ್ಟದಿರಲಿಲ್ಲ, ಆದರೂ ಕೈ ಬಂತು. ಆಕೆ ನಗಲಿಲ್ಲ. ಡಾಕ್ಟರು ಗಮನಿಸಲಿಲ್ಲ. ಅವರಿಗೆ ತಮ್ಮ ಮೇಲೇ ತಮಗೆ ಗೌರವ ಹುಟ್ಟಿ, ಅದು ಏರುತ್ತಾ ಹೋಗುತ್ತಿತ್ತು. ಇಷ್ಟು ಕೆಟ್ಟದಾಗಿ ಆಡುತ್ತಾ ಇಷ್ಟು ಶಾಂತವಾಗಿರುವ ಮನುಷ್ಯ ಈ ಮೈದಾನದಲ್ಲಿ ಇನ್ನೊಬ್ಬನಿದ್ದಾನೆಯೇ? ಷಡ್ಡಕನ ಆಟವೂ ಅವರದಕ್ಕಿಂತ ಒಳ್ಳೆಯದೇನೂ ಆಗಿರಲಿಲ್ಲ, ಆದ್ದರಿಂದ ಆರು ಕುಳಿಗಳಾದಾಗ ಎರಡೂ ಜೋಡಿ ಸಮ.

ಏಳನೇ ಕುಳಿಯ ಮುಂದೆ ಒಂದು ಮರಳಿನ ಗುಂಡಿ ಇದೆ. ಒಳಗೆ ನಿಂತರೆ ಅಂಚು ಎದೆಯ ಮಟ್ಟ ಬರುತ್ತದೆ. ಡಾಕ್ಟರ ಮೊದಲ ಹೊಡೆತ ಹೇಗೋ ನೆಟ್ಟಗೆ ಹೋಯಿತು, ಹೆಂಡತಿಯ ಹೊಡೆತ ಆ ಗುಂಡಿಗೆ ಬಿತ್ತು. ಡಾಕ್ಟರು ಎಡಗೈಯಲ್ಲಿ ಗಾಳಿ ತಟ್ಟಿ, ಗುಂಡಿಗೆ ಇಳಿದು, ಕಾಲೂರಿ ಬೀಸಿದರು. ಮರಳೆಲ್ಲ ಎದ್ದು ಅವರ ಮುಖಕ್ಕೇ ಬಂತು. ಚೆಂಡು ಅಂಚಿನವರೆಗೆ ಹತ್ತಿ, ಅಲ್ಲಿ ಒಂದು ಗಳಿಗೆ ನಿಂತು, ಮನಸ್ಸು ಬದಲಾಯಿಸಿ, ಉರುಳುತ್ತಾ ವಾಪಸು ಬಂದು ಅವರ ಶೂಗೆ ತಾಗಿ ನಿಂತಿತು.

ಹತ್ತಿ ಬಾಯಿಯನ್ನು ಹಿಡಿಯಿತು. ಕೈಯನ್ನು ಹಿಡಿಯುವವರು ಯಾರು? ಕಣ್ಣಿನ ಮರಳು ಒರೆಸಿಕೊಳ್ಳುವುದಕ್ಕೂ ಮೊದಲು ಕೋಲು ಮತ್ತೆ ಮೇಲೆ ಹೋಗಿ, ಅವರ ಅಷ್ಟೂ ಸಿಟ್ಟನ್ನು ಹೊತ್ತು ಕೆಳಗಿಳಿಯಿತು. ಟಕ್ ಅಂತ ಸದ್ದು. ಚೆಂಡು ಮರಳಿನಿಂದ ಹೂವಿನ ಹಾಗೆ ಎದ್ದು, ಎತ್ತರಕ್ಕೆ ಹೋಗಿ, ಕುಳಿಯಿಂದ ಒಂದು ಮಾರು ದೂರದಲ್ಲಿ ಮೆತ್ತಗೆ ಕೂತಿತು. ಅವರ ಆ ವರ್ಷದ ಅತ್ಯುತ್ತಮ ಹೊಡೆತ. ಷಡ್ಡಕ ಬಿಸ್ಕತ್ತು ಬಿಟ್ಟು ಚಪ್ಪಾಳೆ ತಟ್ಟಿದ. ಡಾಕ್ಟರು ಎರಡೂ ಕೈಯಲ್ಲಿ ಕೋಲನ್ನು ತಲೆಯ ಮೇಲೆತ್ತಿ ತಿರುಗಿದರು.

ಗುಂಡಿಯ ಅಂಚಿನಲ್ಲಿ ಹೆಂಡತಿ ನಿಂತಿದ್ದಳು. ಕೈಯಲ್ಲಿ ಕೋಲು, ಒಂದು ಕಾಲು ಆಗಲೇ ಇಳಿಜಾರಿನ ಮೇಲೆ.

"ರೀ, ಅದು ನನ್ನ ಸರದಿ," ಅಂದಳು.

ಸರದಿ ತಪ್ಪಿ ಹೊಡೆದರೆ ಆ ಕುಳಿ ಎದುರಾಳಿಗೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಷಡ್ಡಕ ಪೆಚ್ಚಾಗಿ ತನ್ನ ಚಪ್ಪಾಳೆಯ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡ. ಡಾಕ್ಟರ ಕೋಲು ಇನ್ನೂ ತಲೆಯ ಮೇಲೇ ಇತ್ತು. ಅವರ ಮೋರೆಯ ಬಣ್ಣ ನೋಡಿ ನಾದಿನಿ ಚೀಲದ ಹಿಂದೆ ಸರಿದಳು. ಡಾಕ್ಟರು ದವಡೆ ನೋಯುವಷ್ಟು ಹತ್ತಿ ಕಚ್ಚಿದರು. ಕೋಲು ಮೆಲ್ಲಗೆ, ಬಹಳ ಮೆಲ್ಲಗೆ ಕೆಳಗೆ ಬಂತು. ಆಮೇಲೆ ಅವರು ಪಕ್ಕದಲ್ಲಿದ್ದ ಕುಂಟೆ ತೆಗೆದುಕೊಂಡು ಗುಂಡಿಯ ಮರಳನ್ನು ಎಳೆದು ಸಮ ಮಾಡತೊಡಗಿದರು. ಹೆಜ್ಜೆ ಗುರುತು ಅಳಿಸಿದರೆ ಸಾಕಿತ್ತು. ಅವರು ಇಡೀ ಗುಂಡಿಯನ್ನು, ಮೂಲೆಮೂಲೆಯನ್ನೂ ಬಿಡದೆ, ತಲೆ ಬಾಚಿದ ಹಾಗೆ ಬಾಚಿದರು. ಮೇಲೆ ಬಂದು ಹೆಂಡತಿಯ ಕಡೆ ನೋಡಿದರು. ಸಿಟ್ಟಿನ ಮೇಲೆ ಎಂಥ ಗೆಲುವು, ಕಂಡೆಯಾ, ಅನ್ನುವ ನೋಟ. ಆಕೆ ಹೇಳುವುದೇನೋ ಇದೆ ಅನ್ನುವಂತೆ ಬಾಯಿ ತೆರೆದಳು. ಡಾಕ್ಟರು ಎಡಗೈ ಎತ್ತಿ ಗಾಳಿ ತಟ್ಟಿದರು. ಆಕೆ ಬಾಯಿ ಮುಚ್ಚಿದಳು.

ಎಂಟನೇ ಕುಳಿಯಲ್ಲಿ ಷಡ್ಡಕ ಎರಡು ಚೆಂಡುಗಳನ್ನು ಕೊಳಕ್ಕೆ ಬೀಳ್ಕೊಟ್ಟ. ಲೆಕ್ಕ ಮತ್ತೆ ಸಮವಾಯಿತು.

ಕೊನೆಯ ಕುಳಿ ಕ್ಯಾಂಟೀನಿನ ಎದುರಿಗೇ. ಆಟ ಮುಗಿಸಿದವರೆಲ್ಲ ಟೀ ಹಿಡಿದು ಜಗುಲಿಯಲ್ಲಿ ಕೂತು ನೋಡುತ್ತಾರೆ. ಡಾಕ್ಟರು ಚೆಂಡನ್ನು ಮರಗಳ ನಡುವೆ ತಳ್ಳಿದರು, ಹೆಂಡತಿ ಅಲ್ಲಿಂದ ಅಚ್ಚುಕಟ್ಟಾಗಿ ಹೊರಗೆ ತಂದಳು. ಡಾಕ್ಟರು ಅಡ್ಡಾದಿಡ್ಡಿ ಹೊಡೆದರು, ಹೆಂಡತಿ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಮೇಲೆ ತಂದಿಟ್ಟಳು. ಇನ್ನು ಡಾಕ್ಟರು ಮೆಲ್ಲಗೆ ದೂಡಿ ಕುಳಿಯ ಕೆಳಬದಿಗೆ ನಿಲ್ಲಿಸಿದ್ದರೆ ಆಕೆಗೆ ಸಲೀಸಾಗುತ್ತಿತ್ತು. ಅವರು ಜೋರಾಗಿ ದೂಡಿದರು. ಚೆಂಡು ಕುಳಿಯನ್ನು ದಾಟಿ ಇಳಿಜಾರಿನ ಮೇಲ್ಬದಿಗೆ ಹೋಗಿ ನಿಂತಿತು. ಅಲ್ಲಿಂದ ಕುಳಿಗೆ ತೋಳಿನಷ್ಟೇ ದೂರ. ಆದರೆ ಊದಿದರೆ ಉರುಳಿಹೋಗುವ ಜಾಗ.

ಷಡ್ಡಕನ ಜೋಡಿ ಆಗಲೇ ಮುಗಿಸಿತ್ತು. ಇದು ಒಳಗೆ ಬಿದ್ದರೆ ಸಮ, ಬೀಳದಿದ್ದರೆ ಸೋಲು. ಹೆಂಡತಿ ಚೆಂಡು ದೂಡುವ ಕೋಲಾದ ಪಟ್ಟರ್ ಹಿಡಿದು ಬಾಗಿದಳು. ಅಂಚಿನವರೆಗೆ ಬಂದ ಚೆಂಡು ಕುಳಿಯ ಬಾಯಿಯನ್ನು ಅರ್ಧ ಸುತ್ತು ಹಾಕಿ, ಹೊರಗೆ ಬಿದ್ದು, ಇಳಿಜಾರಿನಲ್ಲಿ ಹೊರಟೇಹೋಯಿತು.

ಆಕೆ ತಲೆ ಎತ್ತಿದಳು. ಎದುರಿಗೆ ಡಾಕ್ಟರು. ಉಬ್ಬಿದ ಕೆನ್ನೆ, ಹುಬ್ಬಿನಲ್ಲಿ ಇನ್ನೂ ಮರಳು, ಮುಖದ ತುಂಬ ಕರುಣೆ. ಎಡಗೈ ಮೇಲೆ ಬಂತು. ಅಂಗೈ ಕೆಳಗಾಯಿತು. ಒಂದು ಸಲ ತಟ್ಟಿತು.

ಎರಡನೇ ಸಲ ತಟ್ಟುವಷ್ಟರಲ್ಲಿ ಪಟ್ಟರ್ ಆಕೆಯ ಕೈಯಲ್ಲಿರಲಿಲ್ಲ. ಅದು ಬಿಸಿಲಿನಲ್ಲಿ ತಿರುಗುತ್ತಾ, ಮಿಂಚುತ್ತಾ, ಜಗುಲಿಯವರೆಲ್ಲ ತಲೆ ಎತ್ತಿ ನೋಡುವ ಹಾಗೆ ಹೋಗಿ, ಮೂಲೆಯ ದೊಡ್ಡ ಮರದೊಳಗೆ ಸೇರಿ ಕಾಣೆಯಾಯಿತು. ನಾಲ್ಕಾರು ಎಲೆ ಉದುರಿದವು.

ನಿಜ ಹೇಳಬೇಕೆಂದರೆ ಡಾಕ್ಟರಿಗೆ ಮೊದಲು ಆದದ್ದು ಖುಷಿ. ಅಪ್ಪಟ ಖುಷಿ. ಕರಾರು ಅವರು ಮುರಿಯಲಿಲ್ಲ, ಆಕೆ ಮುರಿದಳು! ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಅದೇ ಹಳೆಯ ಮಾತು, ಅದೇ ಉಸಿರಿನ ಜೊತೆ. ಆದರೆ ಬಾಯಲ್ಲಿ ಹತ್ತಿ. ಬೆರಳು ಹಾಕಿ ಎಡಗಡೆಯದನ್ನು ತೆಗೆದರು. ಮರಳು ಸೇರಿ ಉಬ್ಬಿದ್ದ ಬಲಗಡೆಯದು ವಸಡಿಗೆ ಅಂಟಿಕೊಂಡು ಬೇಗ ಬರಲಿಲ್ಲ. ಅದನ್ನು ಕೀಳುತ್ತಾ ನಿಂತಿರುವಾಗ ಅವರು ಹೆಂಡತಿಯ ಮುಖ ನೋಡಿದರು.

ಆಕೆಯ ಕಿವಿ ಕೆಂಪಾಗಿತ್ತು. ಬರಿದಾದ ಕೈ ಏನು ಮಾಡಬೇಕೆಂದು ತಿಳಿಯದೆ ಹಾಗೇ ಗಾಳಿಯಲ್ಲಿತ್ತು. ಆ ಕಿವಿಯ ಬಿಸಿ ಎಷ್ಟಿರುತ್ತದೆ ಅಂತ ಆ ಮೈದಾನದಲ್ಲಿ ಡಾಕ್ಟರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಏನಾದರೂ ಅಂದರೆ ಹೇಗಾಗುತ್ತದೆ ಅಂತಲೂ. ಹತ್ತಿ ಬಂತು. ನಾಲಿಗೆಯ ತುದಿಯ ಮಾತನ್ನು ಅವರು ನುಂಗಿಕೊಂಡರು, ಮರಳಿನ ಸಮೇತ.

"ತಪ್ಪು ನಂದು," ಅಂದರು. "ಮೇಲ್ಬದಿಗೆ ತಂದಿಟ್ಟಿದ್ದು ನಾನು. ಅಲ್ಲಿಂದ ನಾನು ಹೊಡೆದಿದ್ರೂ ಬೀಳ್ತಿರಲಿಲ್ಲ."

"ಅದಕ್ಕಲ್ಲ ನಾನು ಎಸೆದದ್ದು."

"ಮತ್ತೆ?"

ಆಕೆ ಎಡಗೈ ಎತ್ತಿ, ಅಂಗೈ ಕೆಳಗೆ ಮಾಡಿ, ಗಾಳಿಯನ್ನು ತಟ್ಟಿ ತೋರಿಸಿದಳು. "ಇದಕ್ಕೆ. ನಾನೇನು ನಿಮ್ಮ ಕುರ್ಚಿಲಿ ಬಾಯಿ ತೆರಕೊಂಡು ಮಲಗಿದೀನಾ? ಮರಳಿನ ಗುಂಡಿ ಅಂಚಲ್ಲಿ ನಾನು ನಿಂತಿದ್ದೇ ನಿಮಗೆ ಕಾಣಲಿಲ್ಲ. ಒಂದು ಮಾತು ಆಡೋಣ ಅಂದ್ರೆ ಅದಕ್ಕೂ ಇದೇ ಕೈ."

ಡಾಕ್ಟರು ತಮ್ಮ ಎಡಗೈಯನ್ನು ನೋಡಿಕೊಂಡರು, ಬೇರೆ ಯಾರದೋ ಕೈಯನ್ನು ಹಿಡಿದುಕೊಂಡಿರುವವರ ಹಾಗೆ.

"ಮುಂದಿನ ವಾರ?" ಅಂತ ಕೇಳಿದರು.

"ಗೊತ್ತಿಲ್ಲ," ಅಂದು ಆಕೆ ಕ್ಯಾಂಟೀನಿನ ಕಡೆ ನಡೆದಳು.

ಪಟ್ಟರ್ ಕೆಳಗಿಳಿಸುವ ಕೆಲಸ ಷಡ್ಡಕರಿಬ್ಬರ ಪಾಲಿಗೆ ಬಂತು. ಡಾಕ್ಟರು ಕೊಂಬೆ ಹಿಡಿದು ಅಲ್ಲಾಡಿಸಿದರು. ಷಡ್ಡಕ ಗುರಿಯಿಟ್ಟು ತನ್ನ ಕೋಲು ಎಸೆದ, ಅದೂ ಮೇಲೇ ಉಳಿಯಿತು. "ಅಣ್ಣ, ಈಗ ನಾನೂ ನಿಮ್ಮ ಜಾತಿಗೆ ಸೇರಿದೆ," ಅಂದ. ಡಾಕ್ಟರಿಗೆ ನಗು ಬಂತು. ಹತ್ತಿ ಇಲ್ಲದ ಬಾಯಿ ನಗುವುದಕ್ಕೆ ಹಗುರಾಗಿತ್ತು. ಇಬ್ಬರೂ ಸೇರಿ ಕೊಂಬೆ ಜಗ್ಗಿದಾಗ ಎರಡೂ ಒಟ್ಟಿಗೆ ಬಿದ್ದವು, ಒಂದು ಡಾಕ್ಟರ ಭುಜದ ಮೇಲೆ.

ಕ್ಯಾಂಟೀನಮ್ಮ ಚಮಚಗಳ ಡ್ರಾಯರಿನಿಂದ ಸುತ್ತಿಗೆ ತೆಗೆದು ಕಾಯುತ್ತಿದ್ದಳು. ಸಹಾಯಕ್ಕೆ ಹಾರಿದ್ದಕ್ಕೆ ಮೊಳೆ ಇಲ್ಲ ಅಂತ ತೀರ್ಪು ಕೊಟ್ಟು ಷಡ್ಡಕನದನ್ನು ವಾಪಸು ಕೊಟ್ಟಳು. ಗಣಿತದ ಮೇಡಂ ಅವರ ಪಟ್ಟರನ್ನು ಮಾತ್ರ ಡಾಕ್ಟರ ನಾಲ್ಕು ಕೋಲುಗಳ ಪಕ್ಕದಲ್ಲಿ ಐದನೆಯದಾಗಿ ನೇತುಹಾಕಿದಳು. ಜನ ಮೇಜು ತಟ್ಟಿದರು. ಔಷಧಿ ಅಂಗಡಿಯವನು, ವಕೀಲರು, ಬ್ಯಾಂಕಿನವರು ಎಲ್ಲರೂ ಇದ್ದರು.

"ಅಕ್ಕ, ಎದ್ದೇಳು. ಹೇಳಿ ಬಿಡಿಸ್ಕೋ," ಅಂದಳು ತಂಗಿ.

ದಿನವೂ ತರಗತಿಯ ಎದುರು ನಿಲ್ಲುವವಳು ಈಗ ಏಳಲಿಲ್ಲ. ಸಕ್ಕರೆ ಯಾವಾಗಲೋ ಕರಗಿದ್ದ ಟೀಯನ್ನು ಕಲಕುತ್ತಲೇ ಇದ್ದಳು. ಕಿವಿ ಇನ್ನೂ ಕೆಂಪಗಿತ್ತು. ಆಕೆ ಕುರ್ಚಿಯನ್ನು ಮೆಲ್ಲಗೆ ತಿರುಗಿಸಿ ಗೋಡೆಗೆ ಬೆನ್ನು ಹಾಕುವುದನ್ನು ಡಾಕ್ಟರು ನೋಡಿದರು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವರಿಗೆ ಗೊತ್ತಿತ್ತು. ಮೊದಲು ಬೆನ್ನು, ಆಮೇಲೆ ಹೊಸ ಪಟ್ಟರ್, ಆಮೇಲೆ ಯಾವ ಭಾನುವಾರವೂ ಇಲ್ಲ, ತಂಗಿಯ ಜೊತೆಗೂ ಇಲ್ಲ.

ಅವರು ಎದ್ದು ಹೋಗಿ, ಮೊದಲ ಮೊಳೆಯಲ್ಲಿದ್ದ, ಧೂಳು ಹಿಡಿದ ತಮ್ಮ ಹಳೆಯ ಕೋಲನ್ನು ಮುಟ್ಟಿದರು. ಕ್ಯಾಂಟೀನಮ್ಮ ಒಲೆ ಸಣ್ಣ ಮಾಡಿದಳು.

ಡಾಕ್ಟರಿಗೆ ಕಥೆ ಹೇಳಲು ಬರುತ್ತಿರಲಿಲ್ಲ. ಹಲ್ಲಿನ ವರದಿ ಓದುವವರ ಹಾಗೆ, ಎಂಟನೇ ಕುಳಿ, ಬೆಳಗಿನ ಹೊತ್ತು, ಎಡಕ್ಕೆ ಗಾಳಿ, ಚೆಂಡು ನೀರಿಗೆ, ಆದಕಾರಣ ಕೋಲೂ ನೀರಿಗೆ ಅಂದು ನಿಲ್ಲಿಸಿದರು.

"ನೀರಿಗಲ್ಲ," ಅಂದಳು ಹೆಂಡತಿ, ತಿರುಗದೆಯೇ. "ಬಾತುಕೋಳಿಗೆ."

"ಬಾತುಕೋಳಿಗೆ ತಾಗಲಿಲ್ಲ."

"ತಾಗಲಿಲ್ಲ. ಆದರೆ ಅದು ದಡಕ್ಕೆ ಬಂದು ನಿಮ್ಮನ್ನ ಅಟ್ಟಿಸ್ಕೊಂಡು ಬಂತು. ನೀವು ಕಾರಿನೊಳಗೆ ಹೋಗಿ ಕೂತ್ರಿ. ಅದನ್ನೂ ಹೇಳಿ."

ಕ್ಯಾಂಟೀನ್ ಸಿಡಿಯಿತು. ವಕೀಲರು ಟೀ ಚೆಲ್ಲಿಕೊಂಡರು. ಡಾಕ್ಟರಿಗೆ ಕತ್ತಿನಿಂದ ಬಿಸಿ ಏರಿತು, ಕಿವಿ ತಲುಪಿತು. ಬಾಯಲ್ಲಿ ಕಚ್ಚಲು ಏನೂ ಇರಲಿಲ್ಲ. ಜನರನ್ನು ಸುಮ್ಮನಿರಿಸಲು ಎಡಗೈ ತಾನಾಗಿಯೇ ಏಳುತ್ತಿತ್ತು. ಅವರು ಅದನ್ನು ನಡುದಾರಿಯಲ್ಲೇ ಹಿಡಿದು ಪ್ಯಾಂಟಿನ ಜೇಬಿಗೆ ತುರುಕಿ, ನಗು ಮುಗಿಯುವವರೆಗೆ ಹಾಗೇ ನಿಂತರು. ಅದು ಬೇಗ ಮುಗಿಯಲೂ ಇಲ್ಲ. ಆದರೆ ಅದರಿಂದ ಯಾರೂ ಸಾಯಲಿಲ್ಲ. ಎರಡನೇ ಕೋಲಿಗೆ ಅವರೇ ಒಂದು ಮಾತು ಹೆಚ್ಚು ಸೇರಿಸಿದರು, ಮೂರನೆಯದಕ್ಕೆ ಹೆಂಡತಿ ಕುರ್ಚಿಯನ್ನೇ ಈ ಕಡೆ ತಿರುಗಿಸಿ ಕೂತು ತಿದ್ದಿದಳು, ನಾಲ್ಕನೆಯದು ಹಾರಿದ್ದನ್ನು ಔಷಧಿ ಅಂಗಡಿಯವನು ಕಣ್ಣಾರೆ ಕಂಡಿದ್ದನಾದ್ದರಿಂದ ಅವನೇ ಎದ್ದು ನಿಂತು ಅಭಿನಯಿಸಿ ತೋರಿಸಿದ. ಗೋಡೆಯ ಮೇಲೆ ಪಟ್ಟರೊಂದೇ ಉಳಿಯಿತು.

ಹೆಂಡತಿ ಎದ್ದಳು. ಕ್ಯಾಂಟೀನಮ್ಮನ ಸಕ್ಕರೆ ಡಬ್ಬಿಯ ಪಕ್ಕ ನಿಂತು, ಎರಡೂ ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ಕರುಣೆ ತುಂಬಿಕೊಂಡು, ಎಡಗೈ ಎತ್ತಿ, ಗಾಳಿಯನ್ನು ಎರಡು ಸಲ ತಟ್ಟಿದಳು. ಅಲ್ಲಿದ್ದವರಲ್ಲಿ ಆ ಕುರ್ಚಿಯಲ್ಲಿ ಮಲಗದವರೇ ಇರಲಿಲ್ಲ. ಬ್ಯಾಂಕಿನವರು ನಗುತ್ತಾ ಮೇಜಿನ ಮೇಲೆ ತಲೆ ಇಟ್ಟುಬಿಟ್ಟರು. ಆಕೆ ಪಟ್ಟರ್ ತೆಗೆದುಕೊಂಡಳು.

ಹೊರಡುವಾಗ ಔಷಧಿ ಅಂಗಡಿಯವನು ಕಾರಿನ ಹತ್ತಿರ ಬಂದು, ಮಂಡಿ ಈಚೆಗೆ ಸುಮಾರಾಗಿ ಇದೆ ಡಾಕ್ಟ್ರೇ, ಒಂದೊಂದು ವಾರ ನೋಡಬಹುದು ಅಂದ. ನೋಡೋಣ ಅಂದರು ಡಾಕ್ಟರು. ಮಂಡಿಯ ವಿಷಯ ಈಗ ಅವರಿಗೆ ಅಷ್ಟು ಮುಖ್ಯವಾಗಿರಲಿಲ್ಲ. ಪಕ್ಕದ ಸೀಟಿನಲ್ಲಿ ಹೆಂಡತಿ ಅವರ ಜೇಬು, ಡ್ಯಾಶ್‌ಬೋರ್ಡು ಎಲ್ಲ ಹುಡುಕಿ ಉಳಿದಿದ್ದ ಹತ್ತಿಯ ಸುರುಳಿಗಳನ್ನು ಒಟ್ಟುಮಾಡಿ ತನ್ನ ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅವರು ಕಾರು ಶುರುಮಾಡಿ, ಗೇಟು ದಾಟುವವರೆಗೂ ಆಕೆಯ ಉತ್ತರಕ್ಕೆ ಕಾದರು.

"ಬರೋ ಭಾನುವಾರ ಇದನ್ನೆಲ್ಲ ತರಬೇಡಿ," ಅಂದಳು ಆಕೆ.

"ಬಾಯಿ ಸುಮ್ಮನಿರಬೇಕಲ್ಲ?"

"ಬಾಯಿ ಇರಲಿ. ಆ ಕೈ ಮಾತ್ರ ಮನೇಲಿ ಬಿಟ್ಟು ಬನ್ನಿ."

ಡಾಕ್ಟರು ಎಡಗೈಯನ್ನು ಸ್ಟಿಯರಿಂಗಿನಿಂದ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು, ಒಂದೇ ಕೈಯಲ್ಲಿ ತಿರುವು ತೆಗೆದುಕೊಂಡರು. ಎರಡೂ ಕೈಯಲ್ಲಿ ಓಡಿಸಿ ಅಂತ ಬೈಸಿಕೊಂಡರು.